ಕಂತಿನ ಮೇಲೆ ತೋಟ: ಸಿಬಿಲ್ ವರದಿ ಯಾರಿಗೆ, ಯಾವಾಗ, ಎಷ್ಟು ತೋರಿಸಬೇಕು?

ದ್ರಾಕ್ಷಿ ತೋಟ ಕೊಳ್ಳುವವರ ಕೈಯಲ್ಲಿ ಪೂರ್ತಿ ದುಡ್ಡು ಇರುವುದು ಅಪರೂಪ. ಮಾರುವವರಿಗೂ ಎಷ್ಟೋ ಸಲ ಪೂರ್ತಿ ದುಡ್ಡು ಒಟ್ಟಿಗೇ ಬೇಕಿರುವುದಿಲ್ಲ. ಮಗಳ ಮದುವೆಗೋ ಹಳೇ ಸಾಲಕ್ಕೋ ಒಂದಿಷ್ಟು ಕೈಗೆ ಬಂದರೆ ಸಾಕು, ಮಿಕ್ಕಿದ್ದು ಬಡ್ಡಿ ಸಮೇತ ಕಂತಿನಲ್ಲಿ ಬರಲಿ ಎನ್ನುತ್ತಾರೆ. ಇಂಥ ವ್ಯವಹಾರದಲ್ಲಿ ಸಾಲ ಕೊಡುವವನು ಬ್ಯಾಂಕಿನವನಲ್ಲ, ಜಮೀನು ಮಾರುವವನೇ. ಹಾಗಾಗಿ ಬ್ಯಾಂಕಿನವನು ಕೇಳುವ ಪ್ರಶ್ನೆಯನ್ನು ಈಗ ಅವನೇ ಕೇಳತೊಡಗಿದ್ದಾನೆ: ‘ನಿಮ್ಮ ಸಿಬಿಲ್ ಎಷ್ಟಿದೆ?’

ಈ ಪ್ರಶ್ನೆಗೆ ಕೆಲವರು ಮುಖ ಸಿಂಡರಿಸಿ ಎದ್ದು ಬರುತ್ತಾರೆ. ಇನ್ನು ಕೆಲವರು ಅಲ್ಲೇ ಮೊಬೈಲ್ ತೆಗೆದು ಇಡೀ ವರದಿಯನ್ನು ದಲ್ಲಾಳಿಯ ವಾಟ್ಸಾಪಿಗೆ ಕಳಿಸಿಬಿಡುತ್ತಾರೆ. ಎರಡೂ ಸರಿಯಲ್ಲ. ಸಾಲದ ವರದಿ ಚೌಕಾಸಿಯಲ್ಲಿ ಬೆಲೆಯುಳ್ಳ ಸರಕು. ಅದನ್ನು ಹಂತ ಹಂತವಾಗಿ, ಪ್ರತಿಯಾಗಿ ಏನಾದರೂ ಪಡೆದುಕೊಂಡೇ ಕೊಡಬೇಕು. ಪಡೆಯಬೇಕಾದದ್ದು ಏನೆಂದರೆ, ಮಾರುವವರ ಸಾಲದ ಮಾಹಿತಿ. ಕೊಳ್ಳುವವನ ಸಾಲ ಕೊಳ್ಳುವವನ ತಲೆ ಮೇಲಷ್ಟೇ ಇರುತ್ತದೆ. ಮಾರುವವನ ಸಾಲ ಜಮೀನಿನ ಮೇಲೆ ಕೂತಿರಬಹುದು, ನಾಳೆ ಜಮೀನಿನ ಜೊತೆಗೇ ನಿಮ್ಮ ಮನೆಗೆ ಬರಬಹುದು.

ಉದಾಹರಣೆಗೆ ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿಯನ್ನೇ ತೆಗೆದುಕೊಳ್ಳೋಣ. ಉತ್ತಮಪಾಳಯಂ ತಾಲ್ಲೂಕಿನ ಈ ಊರು ಚಿನ್ನಮನೂರಿನ ಪೂರ್ವಕ್ಕೆ, ಮೇಘಮಲೆ ಬೆಟ್ಟಸಾಲಿನ ಬುಡದಲ್ಲಿದೆ. ಬೀಜವಿಲ್ಲದ ದ್ರಾಕ್ಷಿಗೆ ಹೆಸರಾದ ಊರು. ಕಂಬಂ, ಸುರುಳಿಪಟ್ಟಿ, ಕಾಮಯಗೌಂಡನಪಟ್ಟಿ ಕಡೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ ಗೌಂಡರ್ ಮನೆಗಳಲ್ಲಿ ಇವತ್ತಿಗೂ ಕನ್ನಡದ ಮಾತಿದೆ. ಮಾತು ಕನ್ನಡದ್ದಾದರೂ ಪತ್ರ ತಮಿಳಿನದು. ಬೆಂಗಳೂರಿನಿಂದಲೋ ಚಾಮರಾಜನಗರದಿಂದಲೋ ಹೋಗಿ ಅಲ್ಲಿ ತೋಟ ಕೊಳ್ಳುವವರು ಮೊದಲು ಮಾಡಬೇಕಾದ ಖರ್ಚೆಂದರೆ, ತಮಿಳು ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಬಲ್ಲ ತಮ್ಮದೇ ವಕೀಲರಿಗೆ ಫೀಸು. ಮಾರುವವರ ಪತ್ರ ಬರಹಗಾರರು ಎಷ್ಟೇ ಒಳ್ಳೆಯವರಿರಲಿ, ಆ ಕೆಲಸ ಅವರದಲ್ಲ.

ಬ್ಯಾಂಕು ಇಲ್ಲಿ ಯಾಕೆ ಕಾಣುವುದಿಲ್ಲ? ಗೃಹಸಾಲ ಕೃಷಿ ಜಮೀನಿಗೆ ಸಿಗುವುದಿಲ್ಲ. ಎಸ್‌ಬಿಐಯಂಥ ಬ್ಯಾಂಕುಗಳಲ್ಲಿ ಜಮೀನು ಖರೀದಿ ಸಾಲದ ಯೋಜನೆ ಇದ್ದರೂ ಅದು ಸಣ್ಣ, ಅತಿಸಣ್ಣ ರೈತರಿಗೆ ಮತ್ತು ಭೂಮಿಯಿಲ್ಲದ ಕೃಷಿ ಕೂಲಿಗಳಿಗೆ. ಉಳಿದವರಿಗೆ ಉಳಿಯುವ ದಾರಿ ಮಾರುವವರ ಜೊತೆಗಿನ ಕಂತಿನ ಕರಾರು.

ವರದಿಯನ್ನು ಮೊದಲು ನೀವೇ ಓದಿ

ಮಾರುವವರಾಗಲಿ ದಲ್ಲಾಳಿಯಾಗಲಿ ನಿಮ್ಮ ವರದಿಯನ್ನು ತಾವಾಗಿ ತೆಗೆಸಲು ಕಾನೂನಿನಲ್ಲಿ ದಾರಿಯಿಲ್ಲ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಬ್ಯಾಂಕು, ಹಣಕಾಸು ಸಂಸ್ಥೆಗಳು ಮತ್ತು ಕಾಯ್ದೆ ಹೆಸರಿಸಿದ ಬಳಕೆದಾರರಿಗಷ್ಟೇ ಆ ಹಕ್ಕು. ಅಮೆರಿಕದಲ್ಲಿ ಮನೆ ಬಾಡಿಗೆಗೋ ಕಂತಿಗೋ ಕೊಡುವ ಮಾಲೀಕ ಎದುರಿನವರ ಒಪ್ಪಿಗೆ ಪಡೆದು ವರದಿ ತರಿಸಿಕೊಳ್ಳುವುದನ್ನು ಅಲ್ಲಿರುವ ನಮ್ಮವರು ಕಂಡಿರುತ್ತಾರೆ. ಇಲ್ಲಿ ಖಾಸಗಿ ವ್ಯಕ್ತಿಗೆ ಆ ಬಾಗಿಲು ಇಲ್ಲ. ನಾವೇ ತೆಗೆದು ನಾವೇ ತೋರಿಸಬೇಕು. ‘ನಿಮ್ಮ ಪ್ಯಾನ್ ನಂಬರ್ ಕೊಡಿ, ಓಟಿಪಿ ಹೇಳಿ, ನಾನೇ ನೋಡಿಕೊಳ್ತೀನಿ’ ಎನ್ನುವ ದಲ್ಲಾಳಿಗೆ ಅಲ್ಲೇ ಕೈಮುಗಿಯಿರಿ. ಅದೇ ಪ್ಯಾನ್, ಅದೇ ಓಟಿಪಿಯಿಂದ ನಿಮ್ಮ ಹೆಸರಿನಲ್ಲಿ ಸಾಲವನ್ನೂ ಎತ್ತಬಹುದು.

ದೇಶದಲ್ಲಿ ಸಾಲ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಸ್ವಂತಕ್ಕೆ ಎಷ್ಟು ಸಲ ತೆಗೆದು ನೋಡಿದರೂ ಅಂಕ ಇಳಿಯುವುದಿಲ್ಲ. ಇಳಿಯುವುದು ಸಾಲ ಕೇಳಿ ಹತ್ತು ಕಡೆ ಅರ್ಜಿ ಹಾಕಿದಾಗ.

ಅಂಕ 300ರಿಂದ 900ರವರೆಗೆ ಇರುತ್ತದೆ. ಜನ ಆ ಅಂಕವನ್ನೇ ನೋಡಿ ಪುಟ ಮಡಚುತ್ತಾರೆ. ನೋಡಬೇಕಾದದ್ದು ಅದರ ಕೆಳಗೆ, ಒಂದೊಂದು ಸಾಲಕ್ಕೂ ಇರುವ ಪುಟ್ಟ ಚೌಕಗಳ ಸಾಲಿನಲ್ಲಿದೆ. ಕಳೆದ 36 ತಿಂಗಳ ಲೆಕ್ಕ ಅಲ್ಲಿದೆ. ಚೌಕದಲ್ಲಿ 000 ಎಂದಿದ್ದರೆ ಆ ತಿಂಗಳು ಬಾಕಿ ಇಲ್ಲ. 030 ಎಂದಿದ್ದರೆ ಮೂವತ್ತು ದಿನ ತಡವಾಗಿದೆ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಬ್ಯಾಂಕು ಆ ತಿಂಗಳ ಮಾಹಿತಿಯನ್ನೇ ಕಳಿಸಿಲ್ಲ, ಅದು ನಿಮ್ಮ ತಪ್ಪಲ್ಲ. ‘ಸೆಟಲ್ಡ್’ ಎಂಬ ಮಾತು ಕಂಡರೆ ಖುಷಿಪಡಬೇಡಿ. ಅಸಲಿಗಿಂತಲೋ ಬಾಕಿಗಿಂತಲೋ ಕಡಿಮೆ ಕಟ್ಟಿ ಕೈತೊಳೆದುಕೊಂಡಿದ್ದೀರಿ ಎಂಬ ಗುರುತು ಅದು. ಪೂರ್ತಿ ತೀರಿದ ಸಾಲಕ್ಕೆ ‘ಕ್ಲೋಸ್ಡ್’ ಎಂದಿರಬೇಕು. ಬೆಳೆಸಾಲ ಮನ್ನಾ ಆದವರು ಅದು ಹೇಗೆ ದಾಖಲಾಗಿದೆ ಎಂದು ಕಣ್ಣಿಟ್ಟು ನೋಡಲಿ.

ರೈತರ ವರದಿಯಲ್ಲಿ ಎರಡು ಕಡೆ ಎಡವುವುದು ಸಾಮಾನ್ಯ. ಕಿಸಾನ್ ಕ್ರೆಡಿಟ್ ಕಾರ್ಡಿನ ನವೀಕರಣ ನಾಲ್ಕು ವಾರ ತಡವಾದರೆ, ಬಡ್ಡಿ ಕಟ್ಟಿದ್ದರೂ, ಅದು ಸುಸ್ತಿಯಂತೆ ಕಾಣಬಹುದು. ಬ್ಯಾಂಕಿನಿಂದ ಒಂದು ಬಾಕಿ ಇಲ್ಲದ ಪತ್ರ ತೆಗೆದು ವರದಿಯ ಜೊತೆ ಇಟ್ಟುಕೊಳ್ಳಿ. ಇನ್ನೊಂದು, ಜಾಮೀನು. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಸಹಿ ನಿಮ್ಮ ವರದಿಯಲ್ಲೂ ಕೂತಿರುತ್ತದೆ, ಭಾವ ಕಟ್ಟದಿದ್ದರೆ ಕಲೆ ನಿಮಗೂ ಹತ್ತುತ್ತದೆ. ಮಾರುವವರು ಅದನ್ನು ತಾವೇ ಕಂಡುಹಿಡಿದು ಕೇಳುವುದಕ್ಕಿಂತ ನೀವೇ ಮೊದಲು ಹೇಳಿದರೆ ಮಾತಿಗೆ ತೂಕ.

ಹೆಸರಿನ ಗೋಜಲೂ ಇದೆ. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಒಂದೇ ಊರಿನಲ್ಲಿ ಅದೇ ಇನಿಷಿಯಲ್, ಅದೇ ಹೆಸರಿನವರು ಮೂರು ಮಂದಿ ಸಿಕ್ಕಾರು. ಪ್ಯಾನಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು, ಬ್ಯಾಂಕಿನಲ್ಲಿ ಬರೀ ಅಕ್ಷರ ಇಟ್ಟರೆ ಬೇರೊಬ್ಬರ ಸಾಲ ನಿಮ್ಮ ತಲೆಗೆ ಅಂಟುವ ಸಾಧ್ಯತೆ ಇದೆ. ಹಾಗಿದ್ದರೆ ಆ ಕಂಪನಿಯ ಜಾಲತಾಣದಲ್ಲೇ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿದೆ. ಹಾಗಾಗಿ ಸಣ್ಣ ಬಾಕಿಗಳನ್ನು ತೀರಿಸಿ ಒಂದು ತಿಂಗಳು ಕಾದು ವರದಿ ತೆಗೆದರೆ ತೀರಿದ್ದು ಕಾಣುತ್ತದೆ. ಮುಂಗಡ ಕೊಡುವ ವಾರ ಈ ಕೆಲಸಕ್ಕೆ ಕೂರಬೇಡಿ.

ಸಾಲವನ್ನೇ ಮಾಡದವರಿಗೆ ಅಂಕವೇ ಇರುವುದಿಲ್ಲ. ‘ಅಂಕ ಇಲ್ಲ’ ಎಂದರೆ ‘ಅಂಕ ಕೆಟ್ಟದ್ದು’ ಎಂದಲ್ಲ ಎಂಬುದನ್ನು ಮಾರುವವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅಂಥವರು ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಬೋಡಿನಾಯಕನೂರಿನ ಏಲಕ್ಕಿ ಹರಾಜಿನ ಪಾವತಿ ಚೀಟಿ, ಹಾಲಿನ ಸೊಸೈಟಿಯ ಲೆಕ್ಕ, ಮಂಡಿಯ ಪಟ್ಟಿ, ಇವನ್ನು ಜೋಡಿಸಿಕೊಳ್ಳಲಿ. ನನ್ನ ಅಭಿಪ್ರಾಯ ಕೇಳಿದರೆ, ಕಂತು ಕಟ್ಟುವ ತಾಕತ್ತನ್ನು ಅಳೆಯಲು ಮೂರು ಬೆಳೆಯ ಮಂಡಿ ಪಟ್ಟಿ 780 ಎಂಬ ಅಂಕಕ್ಕಿಂತ ಮೇಲು.

ಯಾವಾಗ ಎಷ್ಟು

ಮೊದಲ ಭೇಟಿಯಲ್ಲಿ ಕಾಗದವೇ ಬೇಡ. ‘ಅಂಕ 750ರ ಮೇಲಿದೆ, ಈಗ ಸುಸ್ತಿ ಯಾವುದೂ ಇಲ್ಲ, ಒಂದು ವಾಹನ ಸಾಲ ನಡೀತಿದೆ’ ಎಂಬಷ್ಟು ಬಾಯಿಮಾತು ಸಾಕು. ಬೆಲೆಯ ಮಾತೇ ಕೂಡದಿದ್ದಲ್ಲಿ ನಿಮ್ಮ ಮನೆ ಲೆಕ್ಕ ಊರಿಗೆಲ್ಲ ಗೊತ್ತಾಗುವುದು ಬೇಡ. ಇನ್ನೊಂದು ಕಾರಣವೂ ಇದೆ: ನಿಮ್ಮ ಎಲ್ಲಾ ಸಾಲದ ಕಂತು ಎಷ್ಟು, ಕ್ರೆಡಿಟ್ ಕಾರ್ಡಿನ ಮಿತಿ ಎಷ್ಟು ಎಂದು ಎದುರಿನವರಿಗೆ ಮೊದಲೇ ಗೊತ್ತಾದರೆ ನೀವು ಎಲ್ಲಿವರೆಗೆ ಏರಬಲ್ಲಿರಿ ಎಂಬುದೂ ಗೊತ್ತಾದಂತೆ. ಚೌಕಾಸಿ ಅಲ್ಲಿಗೆ ಮುಗಿಯಿತು.

ಬೆಲೆ ಹತ್ತಿರ ಬಂದಾಗ, ಮಾರುವವರು ತಮ್ಮ ಮೂಲಪತ್ರ ಮತ್ತು ಋಣಭಾರ ಪತ್ರ ಮುಂದಿಟ್ಟ ಮೇಲೆ, ನೀವು ವರದಿಯ ಸಾರಾಂಶ ಪುಟ ತೋರಿಸಿ. ವರದಿಯಲ್ಲಿ ಪ್ಯಾನ್, ಹುಟ್ಟಿದ ದಿನ, ಹಳೇ ಹೊಸ ವಿಳಾಸ, ಫೋನು, ಇಮೇಲು, ಖಾತೆ ಸಂಖ್ಯೆ ಎಲ್ಲವೂ ಅಚ್ಚಾಗಿರುತ್ತದೆ. ಇವಕ್ಕೆ ಕಪ್ಪು ಮಸಿ ಬಳಿದು, ಅದರ ಜೆರಾಕ್ಸ್ ತೆಗೆದು, ಆ ಜೆರಾಕ್ಸನ್ನೇ ಕೊಡಿ. ಮಸಿ ಬಳಿದ ಮೂಲಪ್ರತಿಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುವುದುಂಟು. ಪಿಡಿಎಫ್‌ನಲ್ಲಿ ಮೇಲೊಂದು ಕಪ್ಪು ಚೌಕ ಇಟ್ಟರೆ ಒಳಗಿನ ಅಕ್ಷರ ಅಳಿಯುವುದಿಲ್ಲ, ಅದನ್ನು ಸರಿಸಿ ಓದಬಹುದು.

ಪೂರ್ತಿ ವರದಿ ತೋರಿಸುವುದಿದ್ದರೆ ಕರಾರಿನ ಕರಡು ಸಿದ್ಧವಾದ ದಿನ, ಎದುರೆದುರು ಕೂತು, ಓದಿಸಿ ವಾಪಸ್ ಇಟ್ಟುಕೊಳ್ಳಿ. ಪ್ರತಿ ಬೇಕೇ ಬೇಕು ಎಂದರೆ ಪ್ರತಿ ಪುಟದ ಮೇಲೂ ಅಡ್ಡಲಾಗಿ ಬರೆಯಿರಿ: ‘ಸರ್ವೆ ನಂಬರ್ ಇಂಥದ್ದರ ಕ್ರಯದ ಮಾತುಕತೆಗೆ ಮಾತ್ರ, ದಿನಾಂಕ ಇಷ್ಟು.’ ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಪ್ರತಿ. ಮಾಹಿತಿಯನ್ನು ಮೂರನೆಯವರಿಗೆ ಕೊಡುವುದಿಲ್ಲ, ವ್ಯವಹಾರ ಮುರಿದರೆ ಪ್ರತಿ ಹಿಂದಿರುಗಿಸುತ್ತೇವೆ ಎಂದು ಮಾರುವವರಿಂದ ಎರಡು ಸಾಲು ಬರೆಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇದೆಯಲ್ಲ ಎನ್ನಬಹುದು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ಕೈಬದಲಾದ ಜೆರಾಕ್ಸಿನ ವಿಷಯದಲ್ಲಿ ಅದನ್ನು ನೆಚ್ಚಿ ಕೂರುವುದಕ್ಕಿಂತ ಆ ಎರಡು ಸಾಲೇ ಗಟ್ಟಿ.

ಮಾರುವವರ ಜಾಗದಲ್ಲಿ ನಿಂತು ನೋಡಿದರೆ, ವರದಿಯಲ್ಲಿ ಕಾಣದ ಸಾಲಗಳೇ ಹೆಚ್ಚು ಅಪಾಯ. ಕೈಸಾಲ, ಚೀಟಿ, ಬಡ್ಡಿಯವರ ದುಡ್ಡು ಯಾವ ವರದಿಯಲ್ಲೂ ಬರುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘದ ಸಾಲವೂ ಕಾಣದೆ ಇರಬಹುದು. ಆದ್ದರಿಂದ ‘ಇಷ್ಟನ್ನು ಬಿಟ್ಟು ಬೇರೆ ಸಾಲವಿಲ್ಲ’ ಎಂದು ಕೊಳ್ಳುವವರಿಂದ ಲಿಖಿತ ಹೇಳಿಕೆ ಪಡೆಯುವುದು ನ್ಯಾಯವೇ. ಕೊಳ್ಳುವವರು ಸುಳ್ಳು ಬರೆದುಕೊಡಬಾರದು. 1872ರ ಕರಾರು ಕಾಯ್ದೆಯ 19ನೇ ಕಲಮಿನ ಪ್ರಕಾರ ಮೋಸದ ಹೇಳಿಕೆ ನಂಬಿ ಮಾಡಿದ ಕರಾರನ್ನು ಮೋಸಹೋದವರು ರದ್ದು ಮಾಡಬಹುದು.

ಅವರ ಸಾಲ ನಿಮ್ಮ ತೋಟದ ಮೇಲೆ

ಈಗ ಪ್ರತಿಯಾಗಿ ಏನು ಕೇಳಬೇಕು? ಇಲ್ಲಿ ಸಂಕೋಚ ಬೇಡ. ತಮಿಳುನಾಡಿನ ನೋಂದಣಿ ಇಲಾಖೆಯ ಜಾಲತಾಣದಲ್ಲಿ ವಿಲ್ಲಂಗ ಸರ್ಟಿಫಿಕೇಟ್, ಅಂದರೆ ನಮ್ಮ ಋಣಭಾರ ಪತ್ರ (ಇಸಿ), ಸಿಗುತ್ತದೆ. ಮೂವತ್ತು ವರ್ಷದ್ದು ತೆಗೆಸಿ. ಪಟ್ಟಾ, ಚಿಟ್ಟಾ, ಅಡಂಗಲ್ ಬೇರೆ ಕಡೆ ಸಿಗುವ ಕಂದಾಯ ದಾಖಲೆ. ಕರ್ನಾಟಕದ ಪಹಣಿಯ 11ನೇ ಕಲಮಿನಲ್ಲಿ ಬ್ಯಾಂಕಿನ ಋಣ ನೋಡಿ ರೂಢಿಯಾದವರು ಪಟ್ಟಾದಲ್ಲಿ ಅದನ್ನು ಹುಡುಕಿ ‘ಸಾಲವಿಲ್ಲ’ ಎಂದು ತೀರ್ಮಾನಿಸಬಾರದು. ಪಟ್ಟಾ ಹೇಳುವುದು ಹೆಸರು, ಸರ್ವೆ ನಂಬರು, ವಿಸ್ತೀರ್ಣ, ತೀರ್ವೆಯನ್ನಷ್ಟೇ.

ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಜೆರಾಕ್ಸ್ ತೋರಿಸಿ ‘ಮೂಲ ಬ್ಯಾಂಕ್ ಲಾಕರಿನಲ್ಲಿದೆ’ ಎಂದರೆ, ಲಾಕರಿನಲ್ಲಿದೆಯೋ ಸಾಲದ ಕಡತದಲ್ಲಿದೆಯೋ ಕೇಳಿ. ಹಕ್ಕುಪತ್ರ ಇಟ್ಟು ಸಾಲ ಎತ್ತುವುದೂ ಕಾನೂನಿನ ಕಣ್ಣಿನಲ್ಲಿ ಅಡಮಾನವೇ. ಬ್ಯಾಂಕುಗಳು ಇಂಥ ಅಡಮಾನವನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ 2011ರಿಂದ ಇದೆ. ಕೃಷಿ ಜಮೀನಿನ ಅಡಮಾನ ಅಲ್ಲಿ ಕಾಣದೆ ಇರಬಹುದಾದರೂ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು. ಜಮೀನು ಕೊಳ್ಳುವವರಲ್ಲಿ ಇದನ್ನು ಬಳಸುವವರು ಕಡಿಮೆ ಎಂಬುದೇ ಆಶ್ಚರ್ಯ. ಇದರ ಮೇಲೆ ಮಾರುವವರ ಸಾಲ ವರದಿಯ ಸಾರಾಂಶ ಪುಟವನ್ನೂ ಕೇಳಿ. ನಾನು ತೋರಿಸುತ್ತೇನೆ, ನೀವೂ ತೋರಿಸಿ ಎಂದರೆ ತಪ್ಪೇನಿದೆ? ಮೂರು ವರ್ಷ ಅವರಿಗೆ ಕಂತು ಕಟ್ಟುತ್ತಾ ಇರುವಾಗ ಅವರ ಬ್ಯಾಂಕಿನವರು ತೋಟಕ್ಕೆ ನೋಟಿಸು ಅಂಟಿಸಿದರೆ ಅನುಭವಿಸುವವರು ನೀವು.

ಓಡೈಪಟ್ಟಿಯ ತೋಟವೆಂದರೆ ಮಣ್ಣಷ್ಟೇ ಅಲ್ಲ. ಕಲ್ಲುಕಂಬ, ತಂತಿಯ ಚಪ್ಪರ, ಬಾವಿ ಅಥವಾ ಬೋರು, ಮೋಟಾರು, ಉಚಿತ ಕೃಷಿ ವಿದ್ಯುತ್ತಿನ ಸಂಪರ್ಕ. ಬಾವಿಯಲ್ಲಿ ಅಣ್ಣತಮ್ಮಂದಿರ ಪಾಲು ಇದ್ದೇ ಇರುತ್ತದೆ, ಸಂಪರ್ಕ ತೀರಿಹೋದ ತಾತನ ಹೆಸರಿನಲ್ಲಿರುತ್ತದೆ. ಇವೆಲ್ಲ ಯಾರ ಹೆಸರಿನಲ್ಲಿವೆ, ಯಾವ ಕಂತಿನ ಹೊತ್ತಿಗೆ ವರ್ಗವಾಗಬೇಕು ಎಂದು ಕರಾರಿನಲ್ಲೇ ಬರಲಿ.

ಒಳ್ಳೆ ವರದಿಗೆ ಒಳ್ಳೆ ಬಡ್ಡಿ

ವರದಿ ತೋರಿಸಿ ಪಡೆಯಬೇಕಾದ ಲಾಭ ಬಡ್ಡಿಯಲ್ಲಿದೆ. ಊರಿನ ಮಾತಿನಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24. ‘ನನಗೆ ಚಿನ್ನದ ಸಾಲ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತೆ, ನನ್ನ ಲೆಕ್ಕ ನೋಡಿ’ ಎಂದು ಹೇಳಿ ಅದನ್ನು ಇಳಿಸಲು ವರದಿ ಆಧಾರ. ತಮಿಳುನಾಡಿನಲ್ಲಿ ಕಂದುವಟ್ಟಿ, ಮೀಟರ್ ವಟ್ಟಿ, ದಿನವಟ್ಟಿ, ತಂಡಲ್ ಇವನ್ನೆಲ್ಲ ಹೆಸರಿಸಿಯೇ ನಿಷೇಧಿಸಿದ ಕಾಯ್ದೆ 2003ರಿಂದ ಜಾರಿಯಲ್ಲಿದೆ, ಕರ್ನಾಟಕದಲ್ಲೂ 2004ರ ಕಾಯ್ದೆಯಿದೆ.

ಬಡ್ಡಿಯ ದರಕ್ಕಿಂತ ಬಡ್ಡಿ ಯಾವುದರ ಮೇಲೆ ಎಂಬುದು ಮುಖ್ಯ. 30 ಲಕ್ಷದ ತೋಟ ಎಂದುಕೊಳ್ಳಿ. 12 ಲಕ್ಷ ಮೊದಲೇ ಕೊಟ್ಟು, 18 ಲಕ್ಷವನ್ನು ಮೂರು ವರ್ಷದಲ್ಲಿ, ಆರು ತಿಂಗಳಿಗೊಂದರಂತೆ ಆರು ಕಂತಿನಲ್ಲಿ, ವರ್ಷಕ್ಕೆ ಶೇ 10ರ ಬಡ್ಡಿಗೆ ತೀರಿಸುವ ಮಾತು. ಪ್ರತಿ ಕಂತಿಗೆ ಅಸಲು 3 ಲಕ್ಷ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕಿದರೆ ಮೊದಲ ಕಂತಿಗೆ 90,000, ಆಮೇಲೆ 75,000, 60,000, 45,000, 30,000, ಕೊನೆಗೆ 15,000. ಒಟ್ಟು ಬಡ್ಡಿ 3,15,000. ಅದೇ ಶೇ 10ನ್ನು ಮೂರೂ ವರ್ಷ 18 ಲಕ್ಷದ ಮೇಲೇ ಹಾಕಿದರೆ 5,40,000. ದರ ಒಂದೇ, ವ್ಯತ್ಯಾಸ ಎರಡೂಕಾಲು ಲಕ್ಷ. ಈ ಆರು ಸಾಲಿನ ಪಟ್ಟಿಯನ್ನು ದಿನಾಂಕ ಸಮೇತ ಕರಾರಿಗೆ ಅಂಟಿಸಿ, ಇಬ್ಬರೂ ಸಹಿ ಹಾಕಿ.

ದಿನಾಂಕ ಗೊತ್ತು ಮಾಡುವಾಗ ಕ್ಯಾಲೆಂಡರ್ ಬಿಟ್ಟು ಬಳ್ಳಿಯನ್ನು ನೋಡಿ. ಕತ್ತರಿ ಹಾಕಿದ ಸುಮಾರು ನಾಲ್ಕು ತಿಂಗಳಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಮಂಡಿಯವನು ದುಡ್ಡು ಕೊಡಲು ಇನ್ನಷ್ಟು ದಿನ. ಹಣ್ಣಾಗುವ ಹೊತ್ತಿಗೆ ಮಳೆ ಸುರಿದು ಕಾಯಿ ಸೀಳಿದರೆ ಆ ಕಂತು ಬರುವುದಿಲ್ಲ. ಒಂದು ಕಂತನ್ನು 60 ದಿನ ಮುಂದಕ್ಕೆ ಹಾಕುವ ಅವಕಾಶವನ್ನು ಮೊದಲೇ ಬರೆಸಿಕೊಳ್ಳಿ. ಕೇಳಲು ಹಕ್ಕು ಕೊಡುವುದು ನಿಮ್ಮ 36 ಚೌಕಗಳ ಸೊನ್ನೆಗಳೇ.

ಪತ್ರದಲ್ಲಿ

ದಾರಿ ಎರಡು. ಈಗಲೇ ಕ್ರಯಪತ್ರ ಮಾಡಿಸಿಕೊಂಡು, ಬಾಕಿಗೆ ಅದೇ ಜಮೀನನ್ನು ಮಾರುವವರಿಗೇ ಅಡಮಾನ ಬರೆದುಕೊಡುವುದು ಒಂದು. ಕ್ರಯದ ಕರಾರು ಮಾತ್ರ ಮಾಡಿಕೊಂಡು ಕೊನೆ ಕಂತಿಗೆ ಕ್ರಯಪತ್ರ ಮಾಡಿಸಿಕೊಳ್ಳುವುದು ಇನ್ನೊಂದು. ಕೊಳ್ಳುವವರಿಗೆ ಮೊದಲನೆಯದೇ ಕ್ಷೇಮ. ಮಾರುವವರಿಗೂ ನಷ್ಟವಿಲ್ಲ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಕಿ ಹಣಕ್ಕೆ ಜಮೀನಿನ ಮೇಲೆ ಅವರ ಹೊರೆ ಹೇಗೂ ಇರುತ್ತದೆ. ಆದರೆ ಪತ್ರದಲ್ಲಿ ಅಭ್ಯಾಸಬಲದಿಂದ ‘ಪೂರ್ತಿ ಹಣ ಮುಟ್ಟಿದೆ’ ಎಂದು ಬರೆದುಬಿಟ್ಟರೆ ಅದನ್ನು ಸಾಧಿಸಲು ಕೋರ್ಟು ಅಲೆಯಬೇಕಾಗುತ್ತದೆ. ಮುಟ್ಟಿದ್ದೆಷ್ಟು, ಬಾಕಿ ಎಷ್ಟು ಎಂಬುದು ಪತ್ರದಲ್ಲೇ ಇರಲಿ.

ಎರಡನೆಯ ದಾರಿ ಹಿಡಿದರೆ, ತಮಿಳುನಾಡಿನಲ್ಲಿ 2012ರ ಡಿಸೆಂಬರ್ 1ರಿಂದ ನೂರು ರೂಪಾಯಿ ಅಥವಾ ಅದಕ್ಕೆ ಮೀರಿದ ಸ್ಥಿರಾಸ್ತಿಯ ಕ್ರಯದ ಕರಾರನ್ನೂ ನೋಂದಾಯಿಸಲೇಬೇಕು. ಇಪ್ಪತ್ತು ರೂಪಾಯಿ ಸ್ಟ್ಯಾಂಪ್ ಕಾಗದದ ಮೇಲೆ ಬರೆದು ಬೀರುವಿನಲ್ಲಿಡುವ ಕಾಲ ಹೋಯಿತು. ಕೊನೆಗೆ ಮಾರುವವರು ಪತ್ರ ಮಾಡಿಕೊಡಲು ಒಪ್ಪದಿದ್ದರೆ, ಗೊತ್ತುಪಡಿಸಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದ್ದರಿಂದ ಕೊನೆ ಕಂತಿನ ದಿನಾಂಕ ಸ್ಪಷ್ಟವಾಗಿ ಇರಲಿ. ಖಾಲಿ ಪ್ರೊನೋಟಿಗೆ, ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ವರದಿ ಒಳ್ಳೆಯದಿರುವವರು ಇದನ್ನು ನೇರವಾಗಿ ನಿರಾಕರಿಸಬಹುದು, ತೋರಿಸಿದ್ದಕ್ಕೆ ಅದೂ ಒಂದು ಫಲ.

ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇಬ್ಬರಿಗೂ ಬರೀ ಕೃಷಿ ಆದಾಯವಿದ್ದು ತೆರಿಗೆಯ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ದಂಡದ ಭಯವಿಲ್ಲದಿದ್ದರೂ ಬ್ಯಾಂಕಿನ ದಾರಿಯೇ ಸರಿ, ಯಾಕೆಂದರೆ ಮಾರುವವರಿಗೆ ನೀವು ತಪ್ಪದೆ ಕಟ್ಟಿದ ಕಂತು ಯಾವ ಸಾಲ ಮಾಹಿತಿ ಕಂಪನಿಗೂ ಹೋಗುವುದಿಲ್ಲ, ನಿಮ್ಮ ಅಂಕಕ್ಕೆ ಒಂದು ಗುಂಜಿಯೂ ಸೇರುವುದಿಲ್ಲ. ನಾಳೆ ಇನ್ನೊಂದು ಸಾಲಕ್ಕೆ ಹೋದಾಗ ತೋರಿಸಲು ಉಳಿಯುವುದು ಪಾಸ್‌ಬುಕ್ಕಿನ ಆ ಆರು ಸಾಲು ಮತ್ತು ಆರು ರಸೀದಿ.

ಕೊನೆ ಕಂತು ಮುಟ್ಟಿದ ವಾರವೇ, ಅಡಮಾನ ಬರೆದುಕೊಟ್ಟಿದ್ದರೆ ಬಿಡುಗಡೆ ಪತ್ರ, ಬರೀ ಕರಾರಿದ್ದರೆ ಕ್ರಯಪತ್ರ ನೋಂದಾಯಿಸಿಕೊಳ್ಳಿ. ಹೊಸದಾಗಿ ಇಸಿ ತೆಗೆದು ಅದು ನಮೂದಾಗಿದೆಯೇ ನೋಡಿ, ಪಟ್ಟಾ ನಿಮ್ಮ ಹೆಸರಿಗೆ ಬಂದಿಲ್ಲದಿದ್ದರೆ ಅರ್ಜಿ ಹಾಕಿ. ಮಾರುವವರ ಹತ್ತಿರ ಉಳಿದ ನಿಮ್ಮ ವರದಿಯ ಪ್ರತಿ, ಆಧಾರ್ ಪ್ರತಿ, ಬಳಸದ ಚೆಕ್ಕುಗಳನ್ನೂ ಅಂದೇ ವಾಪಸ್ ಇಸಿದುಕೊಳ್ಳಿ.